ಮೈಕಿಗೆ ತುಟಿ ತಾಗಿದರೆ ಶಾಕ್, ಒಟ್ಟಿಗೆ ಬಾರಿಸಿದರೆ ಗಿಟಾರೇ ಇಲ್ಲ: ಕ್ರಸ್ಟ್ ಬ್ಯಾಂಡಿನ ಮೊದಲ ಶೋಗೆ ಮುಂಚೆ

ಗೇರುಹಣ್ಣು (ಪ್ರಶ್ನೆ)

ಕಾಸರಗೋಡಿನ ಬದಿಯಡ್ಕದ ಹತ್ತಿರ ನಮ್ಮದು ನಾಲ್ಕು ಜನರ ಕ್ರಸ್ಟ್ ಪಂಕ್ (ಪಂಕಿಗೆ ಮೆಟಲ್ ಬೆರೆಸಿದ ಒರಟು ರಾಕ್) ಬ್ಯಾಂಡ್. ಎರಡು ಗಿಟಾರ್, ಬಾಸ್, ಡ್ರಮ್ಸ್. ಕೂಗುದು ಬಾಸ್‌ನವನೇ. ಅಭ್ಯಾಸ ಅಡಿಕೆ ದಾಸ್ತಾನಿನ ಕೋಣೆಯಲ್ಲಿ: 12ಕ್ಕೆ 18 ಅಡಿ, ಮುರಕಲ್ಲಿನ ಗೋಡೆ, ಮೇಲೆ ಶೀಟು. ಮುಂದಿನ ತಿಂಗಳು ಉಪ್ಪಳ ಕಡೆ ಒಂದು ಸಣ್ಣ ಹಾಲಿನಲ್ಲಿ ಮೊದಲ ಶೋ, ಮಂಗಳೂರಿನಿಂದ ಇನ್ನೆರಡು ಬ್ಯಾಂಡ್ ಬರ್ತವೆ. ಟಿಕೆಟ್ ಇಲ್ಲ, ಬಾಗಿಲಲ್ಲಿ ಡಬ್ಬಿ. ಸಮಸ್ಯೆಗಳು ಇವು:

1. ಎಲ್ಲ ತಂತಿ ಸಿ ಸ್ಟ್ಯಾಂಡರ್ಡಿಗೆ (ಮಾಮೂಲಿಗಿಂತ ನಾಲ್ಕು ಅರ್ಧಸ್ವರ ಕೆಳಗೆ) ಇಳಿಸಿದ್ದೇವೆ, 10-46 ಸೆಟ್ (ಸಪೂರ ಮತ್ತು ದಪ್ಪ ತಂತಿಯ ಅಳತೆ, ಇಂಚಿನ ಸಾವಿರದ ಲೆಕ್ಕದಲ್ಲಿ). ಒಬ್ಬೊಬ್ಬರೇ ನುಡಿಸಿದರೆ ಭಯಂಕರ, ಒಟ್ಟಿಗೆ ಹಿಡಿದರೆ ಬರೇ ಗುಂಯ್.
2. ಡಿ-ಬೀಟ್ (ಈ ಸಂಗೀತದ ಡ್ರಮ್ಸಿನ ವೇಗದ ಪೆಟ್ಟು) ಓಡುದಿಲ್ಲ, ಕುದುರೆ ಗಾಡಿಯ ಹಾಗೆ ಕೇಳ್ತದೆ.
3. ಮೈಕ್ ಏರಿಸಿದ ಕೂಡಲೇ ಕೂಗ್ತದೆ.
4. ಬಾಸ್ ಹಿಡಿದುಕೊಂಡು ಮೈಕಿಗೆ ಬಾಯಿ ಕೊಟ್ಟರೆ ತುಟಿಗೆ ಚುರುಚುರು.
5. ಶೋದಲ್ಲಿ ಹಂಚಲಿಕ್ಕೆ 30 ಕ್ಯಾಸೆಟ್ ಮಾಡ್ಬೇಕು ಅಂತ ಉಂಟು. ಹೇಗೆ?

ಮುರಕಲ್ಲು

ನಾಲ್ಕನೆಯದ್ದರಿಂದ ಶುರು ಮಾಡುವ. ಬಾಕಿದ್ದು ಸರಿಯಾಗದಿದ್ದರೆ ಶೋ ಕೆಡ್ತದೆ ಅಷ್ಟೆ. ಇದು ಕೆಟ್ಟರೆ ಬಾಸ್‌ನವನೇ ಇರುದಿಲ್ಲ.

ಬಾಸಿನ ತಂತಿ ಬ್ರಿಡ್ಜಿನಿಂದ, ಕೇಬಲಿನ ಶೀಲ್ಡಿನ ಮೂಲಕ ಆಂಪಿನ ಚಾಸಿಗೆ (ಲೋಹದ ಮೈಗೆ) ಸೇರಿರ್ತದೆ. ಮೈಕಿನ ಜಾಲರಿ ಅದೇ ಥರ ಮಿಕ್ಸರಿನ ಚಾಸಿಗೆ. ಎರಡೂ ಒಂದೇ ಅರ್ಥಿಗೆ ಸೇರಿದ್ದರೆ ನಡುವೆ ವೋಲ್ಟೇಜೇ ಇಲ್ಲ. ಒಂದಕ್ಕೆ ಅರ್ಥ್ ತಪ್ಪಿದರೆ ಎರಡನ್ನೂ ಕೂಡಿಸುವ ವೈರ್ ಅಂದರೆ ನಿಮ್ಮ ಕೈ ಮತ್ತು ತುಟಿ. ಚುರುಚುರು ಹೆಚ್ಚಾಗಿ ಎಸ್‌ಎಂಪಿಎಸ್‌ನ (ಒಳಗಿನ ಪವರ್ ಸಪ್ಲೈಯ) ಫಿಲ್ಟರ್ ಕೆಪಾಸಿಟರಿನಿಂದ ಸೋರುವ ಕರೆಂಟ್. ಅರ್ಥ್ ಇಲ್ಲದಿದ್ದರೆ ಚಾಸಿ 230 ವೋಲ್ಟಿನ ಅರ್ಧದ ಹತ್ತಿರಕ್ಕೆ ಏರಿ ಕೂತಿರ್ತದೆ, ಆದರೆ ಕರೆಂಟ್ ತೀರಾ ಕಡಿಮೆ. ಟ್ರಾನ್ಸ್‌ಫಾರ್ಮರಿನ ಇನ್ಸುಲೇಶನ್ ಹೋಗುವಾಗಲೂ ಮೊದಲು ಗೊತ್ತಾಗುದು ಹೀಗೇ, ಚುರುಚುರು ಅಂತ. ಯಾವುದು ಯಾವುದು ಅಂತ ತುಟಿಯಲ್ಲಿ ತಿಳಿಯಲಿಕ್ಕಾಗುದಿಲ್ಲ.

ಮಲ್ಟಿಮೀಟರನ್ನು ಎಸಿ 750 ವೋಲ್ಟಿಗೆ ಇಡಿ. ಒಂದು ಕಡ್ಡಿ ಬಾಸಿನ ತಂತಿಗೆ, ಇನ್ನೊಂದು ಮೈಕಿನಲ್ಲಿ ಬಣ್ಣ ಹೋದ ಜಾಗಕ್ಕೆ. 1-2 ವೋಲ್ಟಿನ ಒಳಗೆ ಬರಬೇಕು. ನಿಯಾನ್ ಟೆಸ್ಟರ್ ಇದಕ್ಕೆ ಪ್ರಯೋಜನ ಇಲ್ಲ, ಸಣ್ಣ ಸೋರಿಕೆಗೂ ಉರಿಯುತ್ತದೆ, ದೊಡ್ಡದಕ್ಕೂ ಉರಿಯುತ್ತದೆ.

ಜಾಸ್ತಿ ಬಂದರೆ ಮೊದಲು ಎಕ್ಸ್‌ಟೆನ್ಶನ್ ಬೋರ್ಡ್ ಬಿಚ್ಚಿ ನೋಡಿ. ಮೂರು ತೂತಿನ ಸಾಕೆಟ್ ಇರ್ತದೆ, ಒಳಗೆ 2 ಕೋರ್ ವೈರ್. ಇದು ಎಲ್ಲ ಕಡೆ ಇರುವ ಕಾಯಿಲೆ. ಆಮೇಲೆ ಗೋಡೆಯ ಸಾಕೆಟ್, ಆಮೇಲೆ ಅರ್ಥ್ ಗುಂಡಿ. ನಮ್ಮ ಮುರಕಲ್ಲಿನ ಮಣ್ಣು ಮಳೆಗಾಲದಲ್ಲಿ ಪರವಾಗಿಲ್ಲ, ಮಾರ್ಚ್-ಏಪ್ರಿಲ್‌ನಲ್ಲಿ ಒಣಗಿದರೆ ಅರ್ಥಿನ ರೆಸಿಸ್ಟೆನ್ಸ್ ಏರ್ತದೆ. ಗುಂಡಿಗೆ ನೀರು ಹೊಯ್ಯಬೇಕು. ಗುಂಡಿ ಸರಿ ಉಂಟಾ ಅಂತ ನೋಡುದು ಲೈಸೆನ್ಸ್ ಇರುವ ವೈರಿಂಗಿನವರ ಕೆಲಸ, ನಿಮ್ಮದಲ್ಲ.

ಎಲ್ಲ ಆಂಪ್, ಮಿಕ್ಸರ್, ಪೆಡಲ್ ಅಡಾಪ್ಟರ್ ಒಂದೇ 16 ಆಂಪಿಯರ್ ಪ್ಲಗ್ ಪಾಯಿಂಟಿನಿಂದ ತೆಗೆಯಿರಿ. ಎರಡು ಗಿಟಾರ್ ಆಂಪ್, ಬಾಸ್ ಆಂಪ್, ಪಿಎ (ಮೈಕಿನ ಆಂಪ್ಲಿಫೈಯರ್-ಸ್ಪೀಕರ್) ಸೇರಿ ಸುಮಾರು 1.5 ಕಿಲೋವ್ಯಾಟ್, ಅಂದರೆ 6-7 ಆಂಪಿಯರ್. 6 ಆಂಪಿಯರಿನ ಸಾಕೆಟ್ ಬಿಸಿಯಾಗ್ತದೆ. ಲೈನಿನಲ್ಲಿ 30 ಮಿಲಿಆಂಪಿನ ಇಎಲ್‌ಸಿಬಿ (ಕರೆಂಟ್ ಸೋರಿದರೆ ಲೈನ್ ಕಡಿಯುವ ಸ್ವಿಚ್) ಇರಲೇಬೇಕು, ಟೆಸ್ಟ್ ಬಟನ್ ಒತ್ತಿದರೆ ಬೀಳಬೇಕು. ಹಮ್ ಬರ್ತದೆ ಅಂತ ಅರ್ಥ್ ಪಿನ್ ಮುರಿಯುವವರ ಹತ್ತಿರ ಕೇಬಲ್ ಸಹ ಕೇಳ್ಬೇಡಿ. ಹಮ್ಮಿಗೆ ಡಿಐ ಬಾಕ್ಸಿನ (ಗಿಟಾರನ್ನು ಮಿಕ್ಸರಿಗೆ ಸೇರಿಸುವ ಪೆಟ್ಟಿಗೆ) ಗ್ರೌಂಡ್ ಲಿಫ್ಟ್ ಸ್ವಿಚ್ ಉಂಟು.

ಬಿಗಿತಂತಿ

10-46 ಸೆಟ್ಟನ್ನು ಸಿಗೆ ಇಳಿಸಿದರೆ ಅದು ಬಟ್ಟೆ ಒಣಗಿಸುವ ಹಗ್ಗ ಮಾರಾಯ್ರೆ. ದಪ್ಪ ತಂತಿ 82.4 ಹರ್ಟ್ಸ್‌ನಿಂದ 65.4ಕ್ಕೆ ಇಳಿದಿದೆ. ಬಿಗಿತ ಕಂಪನದ ವರ್ಗಕ್ಕೆ ತಕ್ಕ ಹಾಗೆ ಹೋಗ್ತದೆ, ಹಾಗಾಗಿ ಉಳಿದದ್ದು ಮೊದಲಿನ 63 ಶೇಕಡ ಮಾತ್ರ. ಜೋರಾಗಿ ಹೊಡೆದಾಗ ಸ್ವರ ಮೇಲೆ ಹೋಗಿ ಮತ್ತೆ ಕೂರ್ತದೆ. ಎರಡು ಗಿಟಾರ್ ಬೇರೆ ಬೇರೆ ಮಟ್ಟಕ್ಕೆ ಹೋಗಿ ಬರುವಾಗ ಕೇಳುವ ಗುಂಯ್‌ನಲ್ಲಿ ಅರ್ಧ ಇದೇ. ಮೊದಲಿನ ಬಿಗಿತ ಬೇಕಾದರೆ ದಪ್ಪ 1.26 ಪಾಲು ಆಗಬೇಕು: 46ರ ಜಾಗಕ್ಕೆ 58. ಸ್ವಲ್ಪ ಸಡಿಲು ಒಗ್ಗುವವರಿಗೆ 12-56 ಸಾಕು. ನಟ್‌ನ (ನೆಕ್ಕಿನ ತುದಿಯಲ್ಲಿ ತಂತಿ ಕೂರುವ ಪಟ್ಟಿ) ಸೀಳಿನಲ್ಲಿ 56 ಕೂರದಿದ್ದರೆ ಒತ್ತಿ ಕೂರಿಸ್ಬೇಡಿ, ಸಣ್ಣ ಅರದಲ್ಲಿ ಅಗಲ ಮಾತ್ರ ಉಜ್ಜಿ; ಆಳ ಮಾಡಿದರೆ ಮೊದಲ ಫ್ರೆಟ್‌ಗೆ ತಂತಿ ಬಡೀತದೆ. ನೆಕ್ ಬಾಗಿದರೆ ಟ್ರಸ್ ರಾಡನ್ನು (ನೆಕ್ಕಿನ ಒಳಗಿನ ಸರಳು) ಕಾಲು ಸುತ್ತು ತಿರುಗಿಸಿ, ಒಂದು ದಿವಸ ಬಿಟ್ಟು ನೋಡಿ. 12ನೇ ಫ್ರೆಟ್‌ನಲ್ಲಿ ಸ್ವರ ಏರಿ ಬಂದರೆ ಸ್ಯಾಡಲ್ (ಬ್ರಿಡ್ಜಿನಲ್ಲಿ ತಂತಿ ಕೂರುವ ತುಂಡು) ಹಿಂದಕ್ಕೆ.

ಇನ್ನರ್ಧ ಗುಂಯ್ ಟೋನ್ ಕಂಟ್ರೋಲಿನದ್ದು. ಕೋಣೆಯಲ್ಲಿ ಒಬ್ಬನೇ ನುಡಿಸುವಾಗ ಮಿಡ್ ಇಳಿಸಿ ಬಾಸ್-ಟ್ರೆಬಲ್ ಏರಿಸಿದರೆ ದೊಡ್ಡದಾಗಿ ಕೇಳ್ತದೆ. ಡ್ರಮ್ಸ್ ಶುರುವಾದ ಕೂಡಲೇ ಟ್ರೆಬಲನ್ನು ಸಿಂಬಲ್ ತಿಂತದೆ, ಬಾಸನ್ನು ಬಾಸ್ ಗಿಟಾರ್ ತಿಂತದೆ. ಗಿಟಾರಿಗೆ ಉಳಿಯುವ ಜಾಗ 500ರಿಂದ 1500 ಹರ್ಟ್ಸ್, ಅದನ್ನೇ ನೀವು ಇಳಿಸಿದ್ದು. ಮಿಡ್ 7ಕ್ಕೆ, ಬಾಸ್ 4ಕ್ಕೆ, ಗೇನ್ (ಸ್ವರ ಒಡೆಯುವ ಗುಂಡಿ) ಈಗಿನ ಅರ್ಧಕ್ಕೆ. ಗೇನ್ ಏರಿದಷ್ಟು ಪೆಟ್ಟು ಸಪಾಟಾಗ್ತದೆ.

ಎರಡು ಗಿಟಾರಿಗೆ ಒಂದೇ ಥರದ ಡಿಸ್ಟಾರ್ಶನ್ ಪೆಡಲ್ (ಸ್ವರ ಒಡೆದು ಒರಟು ಮಾಡುವ ಪೆಟ್ಟಿಗೆ) ಬೇಡ. ಒಂದಕ್ಕೆ ಬಾಸ್ (Boss) ಕಂಪೆನಿಯ ಎಚ್‌ಎಂ-2 ಜಾತಿಯದ್ದು (2020ರಲ್ಲಿ ಹೊಸದಾಗಿ ಎಚ್‌ಎಂ-2ಡಬ್ಲ್ಯೂ ಬಂತು, ಅಗ್ಗದ ನಕಲೂ ಉಂಟು), ಆಂಪ್ ಕ್ಲೀನ್ ಇಟ್ಟು ಪೆಡಲಿನ ಕಲರ್ ಮಿಕ್ಸ್ ಗುಂಡಿ ಎರಡೂ ಪೂರ್ತಿ. ಇನ್ನೊಂದಕ್ಕೆ ರ‍್ಯಾಟ್ ಥರದ್ದು. ಬಾಸ್ ಗಿಟಾರ್ ಸಿಯಲ್ಲಿ 32.7 ಹರ್ಟ್ಸ್, 10 ಇಂಚಿನ ಸ್ಪೀಕರ್ ಅದನ್ನು ಹೆಚ್ಚುಕಡಿಮೆ ಹೊರಡಿಸುದೇ ಇಲ್ಲ, ನಾವು ಕೇಳುದು ಅದರ ಮೇಲಿನ ಹಾರ್ಮೋನಿಕ್. ಹಾಗಾಗಿ ಬಾಸಿಗೂ ಡಿಸ್ಟಾರ್ಶನ್ ಬೇಕು, ಆದರೆ ಕ್ಲೀನ್ ಸಿಗ್ನಲ್ ಜೊತೆಗೆ ಬೆರೆಸಿ. ಬರೇ ಡಿಸ್ಟಾರ್ಶನ್ ಹಾಕಿದರೆ ಅಡಿಪಾಯವೇ ಹೋಗ್ತದೆ.

ಆಂಪನ್ನು ಮೂಲೆಯಿಂದ ಎಳೆದು ಕುರ್ಚಿಯ ಮೇಲಿಡಿ. ಈಗ ಅದು ನಿಮ್ಮ ಮೊಣಕಾಲಿಗೆ ಕೇಳ್ತಾ ಉಂಟು. ತುಂಬಿದ ಅಡಿಕೆ ಗೋಣಿ ಡ್ರಮ್ಸ್ ಹಿಂದೆ ಇದ್ದರೆ ಒಳ್ಳೆಯದು, ಪ್ರತಿಧ್ವನಿ ಕುಡೀತದೆ. ಮೊಟ್ಟೆ ಟ್ರೇ ಅಂಟಿಸುದು ದಂಡ. ಹೊರಗೆ ಶಬ್ದ ಹೋಗುದು ಹೆಚ್ಚಾಗಿ ಗೋಡೆಯಿಂದ ಅಲ್ಲ, ಶೀಟಿನಿಂದ ಮತ್ತು ಶೀಟು-ಗೋಡೆಯ ನಡುವಿನ ಸಂದಿನಿಂದ.

ಪೆಟ್ಟಿನವ

ಡಿ-ಬೀಟಿನ ಡಿ ಅಂದರೆ ಡಿಸ್ಚಾರ್ಜ್ ಬ್ಯಾಂಡ್. 1980ರ ಆಸುಪಾಸಿನ ಬ್ರಿಟನ್ನಿನದ್ದು. ಆಮೇಲೆ ಅಮೆಬಿಕ್ಸ್, ಆ್ಯಂಟಿಸೆಕ್ಟ್ ಥರದವರು ಮೆಟಲ್ ಬೆರೆಸಿ ಕ್ರಸ್ಟ್ ಮಾಡಿದ್ದು.

ಎಂಟು ಎಣಿಸಿ. ಕಿಕ್ (ಕಾಲಿನಲ್ಲಿ ಬಾರಿಸುವ ದೊಡ್ಡ ಡ್ರಮ್) 1, 4, 6ಕ್ಕೆ. ಸ್ನೇರ್ (ಟಕ್ ಅನ್ನುವ ಸಣ್ಣ ಡ್ರಮ್) 3, 7ಕ್ಕೆ. ಹೈಹ್ಯಾಟ್ ಅಥವಾ ಕ್ರ್ಯಾಶ್ ಸಿಂಬಲ್ 1, 3, 5, 7ಕ್ಕೆ. ಬಾಯಲ್ಲಿ ಹೇಳಿ:

ದುಂ · ಟಕ್ ದುಂ · ದುಂ ಟಕ್ ·

ಎಡವುದು 5ರಲ್ಲಿ. ಅಲ್ಲಿ ಕೈ ಬೀಳ್ತದೆ, ಕಾಲು ಬೀಳಬಾರದು. ಕೈಯೊಟ್ಟಿಗೆ ಕಾಲೂ ಹೋದರೆ ನೀವು ಹೇಳಿದ ಕುದುರೆ ಗಾಡಿ. ಕಿಕ್‌ಗಳ ನಡುವಿನ ಅಂತರ 3, 2, 3. ತಾಳ ಹಾಕಿ ಅಭ್ಯಾಸ ಇರುವವರಿಗೆ ಹೀಗೆ ಎಣಿಸಿದರೆ ಬೇಗ ಕೂರ್ತದೆ: ತಕಿಟ ತಕ ತಕಿಟ. ಮೆಟ್ರೊನೋಮ್ 110ರಲ್ಲಿ, ಹ್ಯಾಟಿನ ಒಂದು ಪೆಟ್ಟಿಗೆ ಒಂದು ಕ್ಲಿಕ್. ಎರಡು ನಿಮಿಷ ತಪ್ಪದೆ ಬಂದರೆ 5 ಏರಿಸಿ. 180-190 ಸಾಕು. ಡಬಲ್ ಪೆಡಲ್ ಬೇಡ. 200 ದಾಟಿಸಿ ಅರ್ಧ ಹಾಡಿಗೆ ಕಾಲು ಸೋತರೆ ಗಿಟಾರಿನವರೂ ಒಟ್ಟಿಗೆ ಮುಳುಗ್ತಾರೆ. ಕಿಕ್ ಮುಂದೆ ಜಾರುದಕ್ಕೆ ಅಡಿಯಲ್ಲಿ ತೆಂಗಿನ ನಾರಿನ ಮ್ಯಾಟ್ ಹಾಕಿ.

ಕಿವಿಗೆ ಪ್ಲಗ್ ಹಾಕಿ. 85 ಡೆಸಿಬೆಲ್‌ನಲ್ಲಿ 8 ಗಂಟೆ ಇರಬಹುದು, ಪ್ರತಿ 3 ಡೆಸಿಬೆಲಿಗೆ ಸಮಯ ಅರ್ಧ. 100ರಲ್ಲಿ ಸಿಗುದು 15 ನಿಮಿಷ. ಆ ಕೋಣೆಯಲ್ಲಿ ಖಂಡಿತ 100 ದಾಟ್ತದೆ.

ಕುಂಬಳೆ_ಲೌಡ್‌ಸ್ಪೀಕರ್

ಮೈಕ್ ಕೂಗುದು ಎರಡು ಕಾರಣಕ್ಕೆ. ಒಂದು, ಸ್ಪೀಕರ್ ಕೂಗುವವನ ಹಿಂದೆ, ಮೈಕಿನ ಮುಖಕ್ಕೆ ನೇರ ಉಂಟು. ಕಾರ್ಡಿಯಾಯ್ಡ್ ಮೈಕಿನ (ಹೆಚ್ಚಾಗಿ ಮುಂದಿನದ್ದನ್ನೇ ಹಿಡಿಯುವ ಮಾಮೂಲಿ ಹಾಡಿನ ಮೈಕ್) ಕಿವುಡು ಬದಿ ಅದರ ಬಾಲ. ಸ್ಪೀಕರ್ ಆ ಬಾಲದ ನೇರಕ್ಕೆ ಇರಬೇಕು. ಎರಡು, ಕೂಗುವವ ಮುಷ್ಟಿಯಲ್ಲಿ ಜಾಲರಿ ಮುಚ್ಚುದು. ಮುಚ್ಚಿದರೆ ಹಿಂದಿನ ತೂತು ಕಟ್ಟಿ ಮೈಕ್ ಎಲ್ಲ ದಿಕ್ಕಿನದ್ದೂ ಹಿಡೀತದೆ. ಬಾಸ್ ನುಡಿಸುವವನಿಗೆ ಕೈ ಬಿಡುವಿಲ್ಲ, ಆದ್ದರಿಂದ ನಿಮ್ಮ ಸಮಸ್ಯೆ ಮೊದಲನೆಯದ್ದೇ ಇರಬೇಕು, ಸ್ಟ್ಯಾಂಡ್ ಸರಿ ಇಡಿ. 120 ಹರ್ಟ್ಸ್ ಕೆಳಗೆ ಕತ್ತರಿಸಿ, ರಿವರ್ಬ್ ತೆಗೆಯಿರಿ.

ಹಾಲಿಗೆ ಯಕ್ಷಗಾನಕ್ಕೆ ಬರುವ ಮೈಕ್‌ಸೆಟ್‌ನವರು ಸಾಕು. ಅವರ ಹಾರ್ನಿನಲ್ಲಿ ಕ್ರಸ್ಟಿನ ಕೂಗು ಚೆನ್ನಾಗಿಯೇ ಹರಿದು ಬರ್ತದೆ. ಆದರೆ ಅವರ ಅಹುಜಾ ಆಂಪ್ಲಿಫೈಯರಿನ ಹಿಂದೆ 100 ವೋಲ್ಟ್ ಲೈನಿನ (ದೂರದ ಹಾರ್ನ್‌ಗಳಿಗೆ ಕೊಡುವ) ಟರ್ಮಿನಲ್ಲೂ 4, 8, 16 ಓಮಿನದ್ದೂ ಅಕ್ಕಪಕ್ಕ ಇರ್ತವೆ. ನಿಮ್ಮ 8 ಓಮಿನ ಬಾಕ್ಸನ್ನು 100 ವೋಲ್ಟಿಗೆ ಕೊಟ್ಟರೆ ಮೊದಲ ಹಾಡಿಗೇ ಹೊಗೆ. 8 ಓಮಿನ ಎರಡು ಬಾಕ್ಸ್ ಪ್ಯಾರಲಲ್ ಆದರೆ 4 ಓಮ್, ಆಗ 4ರ ಟರ್ಮಿನಲ್ಲಿಗೆ ಕೊಡಿ.

ಧ್ವನಿವರ್ಧಕಕ್ಕೆ ಪೊಲೀಸ್ ಅನುಮತಿ ಲಿಖಿತದಲ್ಲಿ ತೆಗೆಯಿರಿ, ರಾತ್ರಿ 10ಕ್ಕೆ ನಿಲ್ಲಿಸಿ. 2000ದ ಶಬ್ದಮಾಲಿನ್ಯ ನಿಯಮದಲ್ಲಿ ಮುಚ್ಚಿದ ಸಭಾಂಗಣಕ್ಕೆ ರಾತ್ರಿ ವಿನಾಯಿತಿ ಉಂಟು ಅಂತ ವಾದಕ್ಕೆ ಹೋಗ್ಬೇಡಿ. ಕಿಟಕಿ ತೆರೆದ ಶೀಟಿನ ಹಾಲನ್ನು ಯಾರೂ ಮುಚ್ಚಿದ್ದು ಅನ್ನುದಿಲ್ಲ.

ಕೇಳದಿದ್ದರೂ ಒಂದು: ಕನ್ನಡದಲ್ಲಿ ಕೂಗುದಾದರೆ ಸ್ನೇರಿನ ಪೆಟ್ಟಿಗೆ ದ್ವಿತ್ವ ಬೀಳುವ ಹಾಗೆ ಬರೆಯಿರಿ. ಸುಟ್ಟ, ಸತ್ತ, ಬಿಟ್ಟ, ಕೊಚ್ಚಿ. 190ರ ವೇಗದಲ್ಲಿ "ವಿಷವನ್ನು" ಅನ್ನುದು ಹಿಡಿಸುದಿಲ್ಲ, "ವಿಷ" ಸಾಕು. ಎಣ್ಮಕಜೆಯ ಕಡೆಯವರಿಗೆ ವಸ್ತುವಿಗೆ ಬರ ಇಲ್ಲ: ಗೇರು ತೋಟದ ಮೇಲೆ 2000ದವರೆಗೆ ಹೆಲಿಕಾಪ್ಟರಿನಿಂದ ಬಿದ್ದ ಎಂಡೋಸಲ್ಫಾನ್ ಕೀಟನಾಶಕ, 2011ರ ಮೇ 13ರ ಸುಪ್ರೀಂ ಕೋರ್ಟಿನ ತಡೆ. ಬೆಟ್ಟ, ಬಿತ್ತು, ಹುಟ್ಟು, ಸುಟ್ಟು. ಪದಗಳೇ ಸ್ನೇರಿಗೆ ಕಾದಿವೆ. ಅದರಿಂದ ನರಳಿದವರ ಹೆಸರು ಮಾತ್ರ ಬೇಡ.

ರೀಲುಪುಡಿ

ಕ್ಯಾಸೆಟ್: ಸಿ-30 ತೆಗೆಯಿರಿ, ಬದಿಗೆ 15 ನಿಮಿಷ. ಒಂದೇ ಡೆಕ್‌ನಲ್ಲಿ ಓಡಿದ ವೇಗಕ್ಕೇ ನಕಲು ಮಾಡಿದರೆ 30 ಕ್ಯಾಸೆಟಿಗೆ 15 ಗಂಟೆ. ಐದಕ್ಕೊಮ್ಮೆ ಹೆಡ್ಡನ್ನು ಐಸೊಪ್ರೊಪೈಲ್‌ನಲ್ಲಿ ಒರೆಸಿ. ಹಳೆ ಕ್ಯಾಸೆಟ್ ಮೇಲೆ ಹೊಸತು ತುಂಬುದಾದರೆ ಕಿಟಕಿಯಿಂದ ರೀಲಿನ ಅಂಚು ನೋಡಿ, ಬಿಳಿ ಪುಡಿ ಕಂಡರೆ ಬೂಸು. ನಮ್ಮ ಕರಾವಳಿಯಲ್ಲಿ ಸಾಮಾನ್ಯ. ಅದನ್ನು ಡೆಕ್‌ಗೆ ಹಾಕಿದರೆ ಮುಂದಿನ ಎಲ್ಲ ಕ್ಯಾಸೆಟಿಗೂ ಬೂಸು ದಾಟ್ತದೆ. ಕವರಿನ ಚೀಟಿ: ಎತ್ತರ 102 ಮಿ.ಮೀ., ಮುಖ 65, ಬೆನ್ನು 13, ಹಿಂದಿನ ಮಡಿಕೆ 16. ಜೆರಾಕ್ಸ್ ಸಾಕು, ಬೆನ್ನಿನ ಗೆರೆಯನ್ನು ಒಣಗಿದ ಪೆನ್ನಿನಲ್ಲಿ ಒತ್ತಿ ಮಡಚಿ, ಇಲ್ಲದಿದ್ದರೆ ಟೋನರ್ ಸಿಪ್ಪೆ ಏಳ್ತದೆ.

ಪ್ಯಾಚ್ (ಅಂಗಿಗೆ ಹೊಲಿಯುವ ಬ್ಯಾಂಡಿನ ಹೆಸರಿನ ಬಟ್ಟೆ ತುಂಡು) ಮಾಡುದಾದರೆ ಮದುವೆ ಕಾಗದ ಅಚ್ಚು ಹಾಕುವ ಸ್ಕ್ರೀನ್ ಪ್ರಿಂಟಿಂಗಿನವರನ್ನು ಹಿಡಿಯಿರಿ. ಕಪ್ಪು ಬಟ್ಟೆಗೆ ಬಿಳಿ ಮಸಿ ಎರಡು ಸಲ ಎಳೆಯದೆ ಕಾಣುದಿಲ್ಲ. ಬಿಳಿ ಬಟ್ಟೆಗೆ ಕಪ್ಪು ಎಳೆದರೆ ಅರ್ಧ ಕೆಲಸ.

ಗೇರುಹಣ್ಣು

ಮೀಟರ್ ಹಿಡಿದದ್ದು: 138 ವೋಲ್ಟ್. ಮಿಕ್ಸರ್, ಪಿಎ, ಎರಡನೇ ಗಿಟಾರಿನ ಆಂಪ್ ಒಂದೇ ಬೋರ್ಡಿನಲ್ಲಿ. ಬಿಚ್ಚಿದರೆ 2 ಕೋರ್ ವೈರೇ. ಅರ್ಥ್ ಪಿನ್‌ಗಳು ಒಳಗೆ ಒಂದಕ್ಕೊಂದು ಸೇರಿವೆ, ಹೊರಗೆ ಎಲ್ಲಿಗೂ ಹೋಗುದಿಲ್ಲ. 3 ಕೋರ್ ಹಾಕಿದ್ದೇ ಇಎಲ್‌ಸಿಬಿ ಬೀಳ್ತಾ ಉಂಟು. ಮೊದಲು ಬೀಳ್ತಿರಲಿಲ್ಲ. ವೈರ್ ಬದಲಿಸಿ ಹಾಳು ಮಾಡಿದ್ದೇವಾ?

ಮುರಕಲ್ಲು

ಎರಡು ಸಾಧ್ಯತೆ. ಬೋರ್ಡ್ ಕಟ್ಟುವಾಗ ನ್ಯೂಟ್ರಲ್ ಮತ್ತು ಅರ್ಥ್ ಅದಲುಬದಲಾಗಿದ್ದರೆ ಯಾವ ಸಾಮಾನು ಚುಚ್ಚಿದರೂ ಬೀಳ್ತದೆ. ಕಪ್ಪು ಅಥವಾ ನೀಲಿ ನ್ಯೂಟ್ರಲ್, ಹಸಿರು ಅರ್ಥ್, ಮೊದಲು ಅದನ್ನು ನೋಡಿ. ವೈರ್ ಸರಿ ಇದ್ದರೆ ಎಲ್ಲ ತೆಗೆದು ಒಂದೊಂದೇ ಚುಚ್ಚಿ, ಸ್ವಿಚ್ ಹಾಕಿ. ಒಳ್ಳೆಯ ಸಾಮಾನಿನ ಸೋರಿಕೆ 1 ಮಿಲಿಆಂಪಿನ ಆಸುಪಾಸು, ಮೂರು ಸೇರಿದರೂ 30ರ ಹತ್ತಿರ ಬರುದಿಲ್ಲ. ಒಂದಕ್ಕೇ ಬಿದ್ದರೆ ಅದರ ಇನ್ಸುಲೇಶನ್ ಹೋಗಿದೆ. ಮೊದಲು ಬೀಳದೆ ಇದ್ದದ್ದು ಕರೆಂಟಿಗೆ ಹೋಗಲಿಕ್ಕೆ ದಾರಿ ಇರಲಿಲ್ಲ ಅಂತ. ಬೋರ್ಡಿನ ಅರ್ಥ್ ಪಿನ್ ಮೂಲಕ ಆ ಸೋರಿಕೆ ಮಿಕ್ಸರಿಗೆ, ಅಲ್ಲಿಂದ ಮೈಕಿಗೆ, ಮೈಕಿನಿಂದ ತುಟಿಗೆ. ಮಿಕ್ಸರಿನ ತಪ್ಪೇ ಇರಲಿಕ್ಕಿಲ್ಲ. ಇಎಲ್‌ಸಿಬಿ ಬೈಪಾಸ್ ಮಾಡ್ಬೇಡಿ. ತೇವದಿಂದಲೂ ಆಗ್ತದೆ, ಬಿಸಿಲಿಗಿಟ್ಟಾಗ ಸರಿಯಾದರೂ ರಿಪೇರಿಯವರ ಹತ್ತಿರ ಕೊಡದೆ ಬಳಸ್ಬೇಡಿ.

ಗೇರುಹಣ್ಣು

ವೈರ್ ಸರಿ ಉಂಟು. ಬೀಳುದು ಎರಡನೇ ಗಿಟಾರಿನ ಆಂಪಿಗೆ ಮಾತ್ರ. ಅದನ್ನು ತೆಗೆದ ಮೇಲೆ ತಂತಿಗೂ ಮೈಕಿಗೂ ನಡುವೆ 0.4 ವೋಲ್ಟ್. ರಿಪೇರಿಗೆ ಕೊಟ್ಟಾಯ್ತು. ಉಪ್ಪಳಕ್ಕೆ ಮಂಗಳೂರಿನ ಬ್ಯಾಂಡಿನ ಆಂಪ್ ಕೇಳುದು ಸರಿಯಾ?

ಪೆಟ್ಟಿನವ

ಈಗಲೇ ಕೇಳಿ, ಶೋ ದಿವಸ ಅಲ್ಲ. ಬದಲಿಗೆ ನಿಮ್ಮ ಡ್ರಮ್ ಸೆಟ್ ಕೊಡ್ತೇವೆ ಅನ್ನಿ, ಅವರಿಗೆ ಹೊರುದು ತಪ್ತದೆ. ಸ್ನೇರ್, ಸಿಂಬಲ್, ಕಿಕ್ ಪೆಡಲ್ ಮಾತ್ರ ಅವರವರದ್ದೇ ತರಲಿ, ಒಡೆಯುದು ಅವೇ. ಡಬ್ಬಿಯ ಹಣ ಮೊದಲು ಅವರ ಪ್ರಯಾಣಕ್ಕೆ, ಆಮೇಲೆ ಮೈಕ್‌ಸೆಟ್‌ಗೆ. ನೀವು 20 ನಿಮಿಷ ಬಾರಿಸಿ, 10 ನಿಮಿಷದಲ್ಲಿ ಸಾಮಾನು ಕೆಳಗಿಳಿಸಿ.