ನೀಲ್ ಯಂಗ್: ಗೆದ್ದ ದಾರಿಯನ್ನು ಮತ್ತೆ ಮತ್ತೆ ಬಿಟ್ಟು ನಡೆದದ್ದು ಹಟದಿಂದಲೇ?

ಪ್ರಶ್ನೆ: ಇಳಿಸಂಜೆ

ಎಲ್ಲರಿಗೂ ನಮಸ್ಕಾರ. ಕೆನಡಾದಲ್ಲಿ ಹುಟ್ಟಿ ಅಮೆರಿಕದಲ್ಲಿ ಹೆಸರು ಮಾಡಿದ ರಾಕ್ ಗಾಯಕ, ಗೀತರಚನಕಾರ ನೀಲ್ ಯಂಗ್ ಅವರ ಹಾಡುಗಳನ್ನು ನಾನು ವಿದ್ಯಾರ್ಥಿದೆಸೆಯಿಂದಲೂ ಕೇಳುತ್ತ ಬಂದಿದ್ದೇನೆ. ಆದರೆ ಆ ಪರಿಚಯವೆಲ್ಲ 1972ರ ‘ಹಾರ್ವೆಸ್ಟ್’ ಆಲ್ಬಂ ಮತ್ತು ಅದರ ಆಸುಪಾಸಿನ ಹಾಡುಗಳಿಗೆ ಸೀಮಿತವಾಗಿತ್ತು. ಈಗ ಅವರ ಆಲ್ಬಂಗಳನ್ನು ಬಿಡುಗಡೆಯಾದ ಕ್ರಮದಲ್ಲಿಯೇ ಕೇಳಲು ಕುಳಿತಿದ್ದೇನೆ, ಮತ್ತು 1973ಕ್ಕೆ ಬರುತ್ತಿದ್ದಂತೆಯೇ ದಾರಿ ತಪ್ಪಿದಂತಾಗಿದೆ.

‘ಹಾರ್ವೆಸ್ಟ್’ ಆ ವರ್ಷ ಅಮೆರಿಕದಲ್ಲಿ ಎಲ್ಲಕ್ಕಿಂತ ಹೆಚ್ಚು ಮಾರಾಟವಾದ ಆಲ್ಬಂ. ಅದರಲ್ಲಿನ ‘ಹಾರ್ಟ್ ಆಫ್ ಗೋಲ್ಡ್’ ಅವರ ಹಾಡುಗಳ ಪೈಕಿ ಅಲ್ಲಿಯ ಜನಪ್ರಿಯತೆಯ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿದ ಒಂದೇ ಒಂದು ಹಾಡು. ಕಂಟ್ರಿ ಸಂಗೀತಕ್ಕೆ ಹೆಸರಾದ ನ್ಯಾಶ್‌ವಿಲ್ ನಗರದ ನುರಿತ ವಾದ್ಯಗಾರರು, ಲಿಂಡಾ ರಾನ್‌ಸ್ಟಾಟ್ ಮತ್ತು ಜೇಮ್ಸ್ ಟೇಲರ್ ಅವರ ಸಹಗಾಯನ, ಎರಡು ಹಾಡುಗಳಿಗೆ ಲಂಡನ್ ಸಿಂಫನಿ ಆರ್ಕೆಸ್ಟ್ರಾ: ಇಷ್ಟೆಲ್ಲ ಒದಗಿಬಂದಿದ್ದ ಕಲಾವಿದರು ಮರುವರ್ಷವೇ ಕಂಠ ಬಿರಿದ, ಶ್ರುತಿ ಜಾರಿದ, ಅವಸರದಲ್ಲಿ ಮುದ್ರಿಸಿದಂತೆ ಕೇಳಿಸುವ ‘ಟೈಮ್ ಫೇಡ್ಸ್ ಅವೇ’ ಹೊರತಂದದ್ದೇಕೆ? ಮುಂದೆಯೂ ಅದೇ ಕಥೆ. ಒಂದು ರೀತಿಯ ಹಾಡಿಗೆ ಜನ ಒಲಿದರೆಂದರೆ ಅವರು ಅದನ್ನು ಬಿಟ್ಟು ಬೇರೆ ಕಡೆಗೆ ಹೊರಟುಬಿಡುತ್ತಾರೆ.

ಇದು ಕೇವಲ ಹಟವೇ, ಅಥವಾ ಆರು ದಶಕಗಳ ಕಾಲ ಅವರು ಬರೆಯುತ್ತ, ಹಾಡುತ್ತ ಉಳಿದದ್ದಕ್ಕೂ ಈ ಸ್ವಭಾವಕ್ಕೂ ಒಳಸಂಬಂಧವಿದೆಯೇ? ಅವರ ಸಂಗೀತವನ್ನು ಹತ್ತಿರದಿಂದ ಬಲ್ಲವರು ದಯವಿಟ್ಟು ವಿವರವಾಗಿ ಬರೆಯಬೇಕೆಂದು ಕೋರುತ್ತೇನೆ.

ಉತ್ತರ: ಹಳೇ ರೆಕಾರ್ಡು

ಇಳಿಸಂಜೆ ಅವರೇ, ನೀವು ದಾರಿ ತಪ್ಪಿದ್ದೀರೆಂದು ನನಗೆ ತೋರುವುದಿಲ್ಲ. ಅವರ ಜೀವನದ ಅತ್ಯಂತ ಮುಖ್ಯವಾದ ತಿರುವಿಗೇ ಬಂದು ನಿಂತಿದ್ದೀರಿ. 1977ರ ‘ಡೆಕೇಡ್’ ಎಂಬ ಸಂಕಲನಕ್ಕೆ ಬರೆದ ಟಿಪ್ಪಣಿಯಲ್ಲಿ ಅವರೇ ಇದನ್ನು ಹೇಳಿಕೊಂಡಿದ್ದಾರೆ: ‘ಹಾರ್ಟ್ ಆಫ್ ಗೋಲ್ಡ್’ ತಮ್ಮನ್ನು ರಸ್ತೆಯ ನಟ್ಟನಡುವಿಗೆ ತಂದಿತೆಂದೂ, ಅಲ್ಲಿ ಸಾಗುವುದು ಬೇಗನೆ ಬೇಸರ ತಂದದ್ದರಿಂದ ಪಕ್ಕದ ಹಳ್ಳದ ಕಡೆಗೆ ತಿರುಗಿದೆನೆಂದೂ. ಈ ಕಾರಣಕ್ಕಾಗಿಯೇ 1973ರಿಂದ 1975ರ ನಡುವೆ ಬಂದ ‘ಟೈಮ್ ಫೇಡ್ಸ್ ಅವೇ’, ‘ಆನ್ ದ ಬೀಚ್’, ‘ಟುನೈಟ್ಸ್ ದ ನೈಟ್’ ಆಲ್ಬಂಗಳನ್ನು ಅಭಿಮಾನಿಗಳು ಹಳ್ಳದ ಮೂರು ಆಲ್ಬಂಗಳೆಂದು ಕರೆಯುವುದು.

ಆದರೆ ಆ ಟಿಪ್ಪಣಿಯನ್ನಷ್ಟೇ ಓದಿದರೆ ಬೇಸರವೊಂದೇ ಕಾರಣವೆಂಬ ಭಾವನೆ ಬರುತ್ತದೆ. ನಡೆದದ್ದು ಅದಕ್ಕಿಂತ ಕಠಿಣವಾದದ್ದು. ಅವರ ಜೊತೆಗಾರರಾದ ಕ್ರೇಜಿ ಹಾರ್ಸ್ ಬ್ಯಾಂಡಿನ ಗಿಟಾರ್ ವಾದಕ ಡ್ಯಾನಿ ವಿಟನ್ ಹೆರಾಯಿನ್ ವ್ಯಸನಕ್ಕೆ ಸಿಲುಕಿದ್ದರು. 1972ರ ಕೊನೆಯಲ್ಲಿ ಹೊಸ ಪ್ರವಾಸದ ತಾಲೀಮಿಗೆ ಬಂದ ವಿಟನ್ ಅವರಿಂದ ಹಾಡುಗಳನ್ನು ನೆನಪಿಟ್ಟು ನುಡಿಸಲಾಗದಿದ್ದಾಗ, ಯಂಗ್ ತಮ್ಮ ಗೆಳೆಯನ ಕೈಗೆ 50 ಡಾಲರ್ ಮತ್ತು ವಿಮಾನದ ಟಿಕೆಟ್ ಕೊಟ್ಟು ಲಾಸ್ ಏಂಜಲೀಸ್‌ಗೆ ಮರಳಿ ಕಳುಹಿಸಿದರು. ನವೆಂಬರ್ 18ರ ಆ ರಾತ್ರಿಯೇ ವಿಟನ್ ತೀರಿಕೊಂಡರು. ಆ ಹೊಣೆಯ ಭಾರವನ್ನು ಹೊತ್ತುಕೊಂಡೇ ಯಂಗ್ ಪ್ರವಾಸ ಹೊರಟರು. ದೊಡ್ಡ ಕ್ರೀಡಾಂಗಣಗಳಲ್ಲಿ ನೆರೆದಿದ್ದ ಸಾವಿರಾರು ಜನ ‘ಹಾರ್ವೆಸ್ಟ್’ನ ಇಂಪಾದ ಹಾಡುಗಳಿಗಾಗಿ ಕಾದಿರುವಾಗ, ಯಾರೂ ಕೇಳಿರದ ಹೊಸ ಹಾಡುಗಳನ್ನು ಕರ್ಕಶವಾಗಿ ಹಾಡಿದರು. ‘ಟೈಮ್ ಫೇಡ್ಸ್ ಅವೇ’ ಎಂಬುದು ಬಹುಮಟ್ಟಿಗೆ ಆ ವೇದಿಕೆಗಳಲ್ಲಿಯೇ ಮುದ್ರಿಸಿಕೊಂಡ ಹಾಡುಗಳ ಆಲ್ಬಂ. ಆ ಬಿರಿದ ಕಂಠಕ್ಕೆ ನಿಜವಾದ ಕಾರಣವಿತ್ತು.

1973ರಲ್ಲಿಯೇ ಅವರ ತಂಡಗಳ ಸಲಕರಣೆಗಳನ್ನು ನೋಡಿಕೊಳ್ಳುತ್ತಿದ್ದ ಬ್ರೂಸ್ ಬೆರಿ ಕೂಡ ಮಾದಕವಸ್ತುವಿಗೆ ಬಲಿಯಾದರು. ಅದಾದ ಮೇಲೆ ಹಾಲಿವುಡ್‌ನ ಒಂದು ತಾಲೀಮು ಕೊಠಡಿಯಲ್ಲಿ ಉಳಿದ ಗೆಳೆಯರೆಲ್ಲ ರಾತ್ರಿಗಳನ್ನು ಕಳೆದು, ಕುಡಿದು, ತಪ್ಪುಗಳನ್ನು ತಿದ್ದದೆ ಮುದ್ರಿಸಿದ್ದೇ ‘ಟುನೈಟ್ಸ್ ದ ನೈಟ್’. ಅದರ ನಡುವೆ 1970ರ ಕಛೇರಿಯೊಂದರ ಮುದ್ರಣವನ್ನೂ ಸೇರಿಸಿದ್ದಾರೆ, ಮತ್ತು ಅದರಲ್ಲಿ ಮುಂದಾಗಿ ಹಾಡುತ್ತಿರುವವರು ತೀರಿಹೋದ ಡ್ಯಾನಿ ವಿಟನ್. ಸತ್ತ ಗೆಳೆಯನ ಉತ್ಸಾಹದ ದನಿಯನ್ನು ಶೋಕದ ಹಾಡುಗಳ ನಡುವೆ ಇಟ್ಟ ಆ ನಿರ್ಧಾರ ನನ್ನ ಮಟ್ಟಿಗೆ ರಾಕ್ ಸಂಗೀತದಲ್ಲಿಯೇ ಅತ್ಯಂತ ಧೈರ್ಯದ ನಿರ್ಧಾರಗಳಲ್ಲಿ ಒಂದು. ಇದನ್ನೆಲ್ಲ ನ್ಯಾಶ್‌ವಿಲ್‌ನ ನುಣುಪಿನಲ್ಲಿ ಹಾಡಲು ಬರುತ್ತಿರಲಿಲ್ಲ.

ಉತ್ತರ: ವಿನಿಪೆಗ್ ಕನ್ನಡಿಗ

ಹಳೇ ರೆಕಾರ್ಡು ಅವರು ಬರೆದದ್ದು ಸರಿ, ಆದರೆ ಹೊರಟುಹೋಗುವ ಅಭ್ಯಾಸ ಅದಕ್ಕೂ ಹಿಂದಿನದು. 1945ರಲ್ಲಿ ಟೊರೊಂಟೊದಲ್ಲಿ ಹುಟ್ಟಿದ ಯಂಗ್ 1951ರಲ್ಲಿ, ಇನ್ನೂ ಪುಟ್ಟ ಬಾಲಕನಾಗಿದ್ದಾಗ, ಪೋಲಿಯೊಗೆ ತುತ್ತಾಗಿ ಬದುಕುಳಿದವರು. ತಂದೆ ಸ್ಕಾಟ್ ಯಂಗ್ ಹೆಸರಾಂತ ಪತ್ರಕರ್ತರು. ತಂದೆತಾಯಿ ಬೇರೆಯಾದ ಬಳಿಕ ಅವರು ತಾಯಿಯ ಜೊತೆ ನಾನು ಈಗ ವಾಸವಿರುವ ವಿನಿಪೆಗ್‌ಗೆ ಬಂದರು, ಕೆಲ್ವಿನ್ ಹೈಸ್ಕೂಲಿಗೆ ಸೇರಿ, ಓದನ್ನು ಅರ್ಧಕ್ಕೆ ಬಿಟ್ಟು, ‘ಸ್ಕ್ವೈರ್ಸ್’ ಎಂಬ ತಂಡ ಕಟ್ಟಿಕೊಂಡು ಬಡಾವಣೆಯ ಕ್ಲಬ್ಬುಗಳಲ್ಲಿ ನುಡಿಸತೊಡಗಿದರು. 1963ರಲ್ಲಿ ಆ ತಂಡದ ಮೊದಲ ಧ್ವನಿಮುದ್ರಣ ನಡೆದಾಗ ಅವರಿಗೆ ಹದಿನೆಂಟು ತುಂಬಿರಲಿಲ್ಲ, ಮತ್ತು ಅದರಲ್ಲಿ ಹಾಡುಗಾರಿಕೆ ಇಲ್ಲ, ಬರೀ ವಾದ್ಯಸಂಗೀತ.

1966ರಲ್ಲಿ ಅವರು ಗೆಳೆಯ ಬ್ರೂಸ್ ಪಾಮರ್ ಜೊತೆ ಶವ ಸಾಗಿಸುವ ಹಳೆಯ ಪಾಂಟಿಯಾಕ್ ವಾಹನವೊಂದರಲ್ಲಿ ಲಾಸ್ ಏಂಜಲೀಸ್‌ಗೆ ಹೊರಟರು. ಅಲ್ಲಿಯ ಸನ್‌ಸೆಟ್ ಬುಲೆವಾರ್ಡಿನ ವಾಹನದಟ್ಟಣೆಯಲ್ಲಿ ಆ ವಿಚಿತ್ರ ಗಾಡಿಯನ್ನು ಗುರುತಿಸಿದವರು ಸ್ಟೀಫನ್ ಸ್ಟಿಲ್ಸ್ ಮತ್ತು ರಿಚಿ ಫ್ಯುರೆ. ‘ಬಫೆಲೋ ಸ್ಪ್ರಿಂಗ್‌ಫೀಲ್ಡ್’ ತಂಡ ಹುಟ್ಟಿದ್ದು ಹೀಗೆ. ಆ ತಂಡದಲ್ಲಿಯೂ ಯಂಗ್ ಬಿಟ್ಟುಹೋಗುವುದು, ಮರಳಿ ಬರುವುದು ನಡೆದೇ ಇತ್ತು. ಆದ್ದರಿಂದ 1973ರ ದುಃಖ ಈ ಸ್ವಭಾವವನ್ನು ಹುಟ್ಟುಹಾಕಿತೆನ್ನುವುದು ನನಗೆ ಪೂರ್ತಿ ಒಪ್ಪಿಗೆಯಿಲ್ಲ; ಇದ್ದ ಸ್ವಭಾವಕ್ಕೆ ಅದು ಗಾಂಭೀರ್ಯವನ್ನು ತಂದುಕೊಟ್ಟಿತು.

ಉತ್ತರ: ಆರು ತಂತಿ

ಬಿಟ್ಟುಹೋದದ್ದರ ಬಗ್ಗೆ ಸಾಕಷ್ಟು ಚರ್ಚೆಯಾಯಿತು. ಗಿಟಾರ್ ನುಡಿಸುವವನಾಗಿ ನಾನು ಅವರು ಬಿಡದೆ ಉಳಿಸಿಕೊಂಡದ್ದರ ಬಗ್ಗೆ ಬರೆಯಬಯಸುತ್ತೇನೆ, ಏಕೆಂದರೆ ದೀರ್ಘಕಾಲ ಬಾಳಿದ ರಹಸ್ಯ ಅಲ್ಲಿಯೂ ಇದೆ. ಕಪ್ಪು ಬಣ್ಣ ಬಳಿದ 1953ರ ಗಿಬ್ಸನ್ ಲೆಸ್ ಪಾಲ್ ಗಿಟಾರ್ ಒಂದನ್ನು ಅವರು 1960ರ ದಶಕದ ಕೊನೆಯಲ್ಲಿ ಪಡೆದರು. ‘ಓಲ್ಡ್ ಬ್ಲ್ಯಾಕ್’ ಎಂದು ಹೆಸರಾದ ಆ ವಾದ್ಯವನ್ನು ಇಂದಿಗೂ ನುಡಿಸುತ್ತಾರೆ. ಅದರ ಜೊತೆಗೆ 1959ರ ಪುಟ್ಟ ಫೆಂಡರ್ ಡಿಲಕ್ಸ್ ಆಂಪ್ಲಿಫೈಯರ್. ಆ ಆಂಪ್‌ನ ತಿರುಪುಗಳನ್ನು ಕಾಲಿನಿಂದ ಒತ್ತಿ ಯಂತ್ರದ ಮೂಲಕ ತಿರುಗಿಸುವ ಸಾಧನವೊಂದನ್ನು ಅವರಿಗೆಂದೇ ಮಾಡಿಸಲಾಗಿದೆ, ಏಕೆಂದರೆ ನಡುವೆ ಬೇರೆ ಪರಿಕರ ಇಟ್ಟರೆ ಆ ನಾದ ಕೆಡುತ್ತದೆ ಎಂಬುದು ಅವರ ನಿಲುವು.

ಬೆರಳುಗಳ ವೇಗದಲ್ಲಿ ಅವರನ್ನು ಮೀರಿಸುವ ಗಿಟಾರ್ ವಾದಕರು ನೂರಾರು ಮಂದಿ ಇದ್ದಾರೆ. ಆದರೆ 1969ರ ‘ಸಿನ್ನಮನ್ ಗರ್ಲ್’ ಹಾಡಿನ ನಡುವೆ ಬರುವ ಗಿಟಾರ್ ಭಾಗದಲ್ಲಿ ಅವರು ಒಂದೇ ಸ್ವರವನ್ನು ಮತ್ತೆ ಮತ್ತೆ ಮೀಟುತ್ತಾರೆ, ಮತ್ತು ಅಷ್ಟೇ ಸಾಕಾಗುತ್ತದೆ. ತಂಬೂರಿಯ ಮುಂದೆ ಕುಳಿತು ಷಡ್ಜವನ್ನೇ ಹಿಡಿದು ಸಾಧನೆ ಮಾಡಿದವರಿಗೆ ಈ ಮಾತು ತಕ್ಷಣ ಅರ್ಥವಾದೀತು: ಪ್ರತಿ ಮೀಟಿಗೂ ಕೆಳಗಿನ ತಾಳ, ಸ್ವರಮೇಳ ಬದಲಾಗುತ್ತಿರುವುದರಿಂದ ಅದೇ ಸ್ವರ ಬೇರೆ ಬೇರೆ ಬಣ್ಣದಲ್ಲಿ ಕೇಳುತ್ತದೆ. ಕ್ರೇಜಿ ಹಾರ್ಸ್‌ನ ಬಿಲ್ಲಿ ಟ್ಯಾಲ್ಬಟ್ ಮತ್ತು ರಾಲ್ಫ್ ಮೊಲಿನಾ ಅವರ ನಡೆಯೂ ಸರಳವೇ, ಕೆಲವೊಮ್ಮೆ ಒರಟೇ. ಆ ಒರಟುತನದ ಮೇಲೆ ನಿಂತು ಒಂಬತ್ತು, ಹತ್ತು ನಿಮಿಷಗಳ ಹಾಡುಗಳನ್ನು ಬೆಳೆಸಬಹುದೆಂದು 1969ರಲ್ಲಿ ಕಂಡುಕೊಂಡ ಯಂಗ್, 1975ರಲ್ಲಿ, 1990ರಲ್ಲಿ, ಎಪ್ಪತ್ತು ದಾಟಿದ ಮೇಲೂ ಅವರಲ್ಲಿಗೇ ಮರಳಿದರು. ಬ್ಯಾಂಡನ್ನು ಬಿಟ್ಟು ದೂರ ಹೋದಾಗಲೆಲ್ಲ ಮರಳುವ ಬಾಗಿಲನ್ನು ಅವರು ಮುಚ್ಚಲಿಲ್ಲ ಎಂಬುದನ್ನು ಗಮನಿಸಬೇಕು.

ಅವರ ಕಂಠದ ಕಥೆಯೂ ಹೀಗೆಯೇ. ಬಫೆಲೋ ಸ್ಪ್ರಿಂಗ್‌ಫೀಲ್ಡ್‌ನ ಮೊದಲ ಆಲ್ಬಂನಲ್ಲಿ ಅವರು ಬರೆದ ಕೆಲವು ಹಾಡುಗಳನ್ನು ರಿಚಿ ಫ್ಯುರೆ ಅವರಿಂದ ಹಾಡಿಸಲಾಯಿತು. ತೆಳುವಾದ, ಎತ್ತರದ, ನಡುಗುವ ಆ ದನಿ ಅಂದು ಕೊರತೆಯೆನಿಸಿತ್ತು. ಅದನ್ನು ತಿದ್ದಿಕೊಳ್ಳದೆ ಹಾಗೆಯೇ ಉಳಿಸಿಕೊಂಡದ್ದರಿಂದ ಎಂಬತ್ತರ ವಯಸ್ಸಿನಲ್ಲಿಯೂ ಆ ದನಿಯಿಂದ ಕಳೆದುಹೋದದ್ದು ಬಹಳ ಕಡಿಮೆ.

ಉತ್ತರ: ನಡುಹಗಲು

1980ರ ದಶಕವನ್ನು ಯಾರೂ ಮುಟ್ಟಿಲ್ಲ. ನಿಮ್ಮ ಪ್ರಶ್ನೆಗೆ ಅತ್ಯಂತ ಸ್ಪಷ್ಟವಾದ ಉತ್ತರ ಇರುವುದು ಅಲ್ಲಿಯೇ ಎಂದು ನಾನು ಭಾವಿಸುತ್ತೇನೆ. 1982ರ ಕೊನೆಯಲ್ಲಿ ಬಂದ ‘ಟ್ರಾನ್ಸ್’ ಆಲ್ಬಂನಲ್ಲಿ ಅವರು ತಮ್ಮ ದನಿಯನ್ನು ವೋಕೋಡರ್ ಎಂಬ ಯಂತ್ರದ ಮೂಲಕ ಹಾಯಿಸಿ, ಮನುಷ್ಯರದೋ ಯಂತ್ರದ್ದೋ ತಿಳಿಯದ ಹಾಗೆ ಮಾಡಿದರು. ಕೇಳುಗರು ಕಂಗಾಲಾದರು. ಅದರ ಹಿನ್ನೆಲೆ ಬಹುಮಂದಿಗೆ ತಿಳಿದದ್ದು ತಡವಾಗಿ: ಸೆರೆಬ್ರಲ್ ಪಾಲ್ಸಿಯಿಂದಾಗಿ ಅವರ ಮಗನಿಗೆ ಮಾತು ಸಾಧ್ಯವಿರಲಿಲ್ಲ, ಕೈಕಾಲುಗಳ ಮೇಲೆ ಹತೋಟಿಯೂ ಇರಲಿಲ್ಲ. ತಂದೆ ಮಗನ ನಡುವೆ ಅರ್ಥವಾಗದೆ ಉಳಿದುಹೋಗುವ ಮಾತುಗಳೇ ಆ ಆಲ್ಬಂನ ವಸ್ತು. ಪದಗಳು ಕೇಳುಗನಿಗೆ ಸರಿಯಾಗಿ ತಿಳಿಯದಿರುವುದು ಅಲ್ಲಿ ಉದ್ದೇಶಪೂರ್ವಕವಾದದ್ದು. ಇದನ್ನು ತಿಳಿದ ಮೇಲೆ ‘ಟ್ರಾನ್ಸ್’ ಅನ್ನು ವಿಚಿತ್ರ ಪ್ರಯೋಗವೆಂದು ತಳ್ಳಿಹಾಕಲು ನನ್ನಿಂದ ಆಗಿಲ್ಲ. ಅದೇ ಮಗನಿಗೆ ಆಟಿಕೆ ರೈಲುಗಳನ್ನು ಒಂದು ಗುಂಡಿ ಒತ್ತಿ ಓಡಿಸುವ ಸಂತೋಷ ದೊರೆಯಲೆಂದು ಯಂಗ್ ನಿಯಂತ್ರಣ ಸಾಧನಗಳನ್ನು ರೂಪಿಸಲು ತೊಡಗಿದರು, ಮುಂದೆ ಲಯನೆಲ್ ಎಂಬ ಆಟಿಕೆ ರೈಲು ಕಂಪನಿಯಲ್ಲಿ ಪಾಲುದಾರರೂ ಆದರು. ಪತ್ನಿ ಪೆಗಿ ಯಂಗ್ ಇಂಥ ಮಕ್ಕಳಿಗಾಗಿ ಇತರರೊಡನೆ ಸೇರಿ ‘ಬ್ರಿಜ್ ಸ್ಕೂಲ್’ ಸ್ಥಾಪಿಸಿದರು. ಅದರ ನಿಧಿಗಾಗಿ 1986ರಿಂದ 2016ರವರೆಗೆ ನಡೆದ ಕಛೇರಿಗಳಲ್ಲಿ ಆ ಮಕ್ಕಳು ವೇದಿಕೆಯ ಮೇಲೆಯೇ, ಕಲಾವಿದರ ಹಿಂದೆ ಕುಳಿತಿರುತ್ತಿದ್ದರು.

ಮುಂದಿನದು ಪ್ರಸಿದ್ಧ ಸಂಗತಿ. ಅವರ ಆಲ್ಬಂಗಳನ್ನು ಆಗ ಹೊರತರುತ್ತಿದ್ದ ಗೆಫನ್ ಕಂಪನಿ ರಾಕ್ ಆಲ್ಬಂ ಕೊಡಿ ಎಂದು ಒತ್ತಾಯಿಸಿದಾಗ ಅವರು 1950ರ ದಶಕದ ಶೈಲಿಯಲ್ಲಿ, ಅರ್ಧ ಗಂಟೆಯೂ ಇಲ್ಲದ ‘ಎವ್ರಿಬಡೀಸ್ ರಾಕಿನ್’ ಕೊಟ್ಟರು. 1983ರಲ್ಲಿ ಕಂಪನಿ 33 ಲಕ್ಷ ಡಾಲರ್ ಪರಿಹಾರ ಕೇಳಿ ದಾವೆ ಹೂಡಿತು. ಅವರ ಆಲ್ಬಂಗಳು ಅವರ ಎಂದಿನ ಸಂಗೀತದಂತಿಲ್ಲ ಎಂಬುದೇ ಆರೋಪ. ಕೊನೆಗೆ ರಾಜಿಯಾಯಿತು. ಒಬ್ಬ ಕಲಾವಿದ ತನ್ನಂತೆಯೇ ಕೇಳಿಸುತ್ತಿಲ್ಲವೆಂದು ನ್ಯಾಯಾಲಯಕ್ಕೆ ಎಳೆಯುವುದು ಅನ್ಯಾಯವೆಂದು ನಾನು ಇಂದಿಗೂ ನಂಬುತ್ತೇನೆ. ಹಾಗೆಂದು ‘ಎವ್ರಿಬಡೀಸ್ ರಾಕಿನ್’ ಒಳ್ಳೆಯ ಆಲ್ಬಂ ಎನ್ನಲಾರೆ. ‘ಟ್ರಾನ್ಸ್’ ಒಳಗಿನ ಒತ್ತಡದಿಂದ ಹುಟ್ಟಿದ್ದು, ಇದು ಕಂಪನಿಯ ಮೇಲಿನ ಸಿಟ್ಟಿನಿಂದ ಹುಟ್ಟಿದ್ದು, ಮತ್ತು ಆ ವ್ಯತ್ಯಾಸ ಕಿವಿಗೆ ತಿಳಿಯುತ್ತದೆ. ನೀವು ಕೇಳಿದ ಹಟ ಎಂಬುದು ಇಲ್ಲಿ ಮಾತ್ರ ನಿಜವೆನಿಸುತ್ತದೆ.

ಇಳಿಸಂಜೆ

ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು. ಡ್ಯಾನಿ ವಿಟನ್ ಅವರ ವಿಷಯ ತಿಳಿದ ಮೇಲೆ ‘ಟುನೈಟ್ಸ್ ದ ನೈಟ್’ ಅನ್ನು ಮೊದಲಿನಿಂದ ಕೇಳಬೇಕೆನಿಸಿದೆ. ಇನ್ನೊಂದು ಸಂದೇಹವಿದೆ. 1974ರ ಸುಮಾರಿಗೆ ಮುದ್ರಿಸಿದ ‘ಹೋಮ್‌ಗ್ರೋನ್’ ಎಂಬ ಆಲ್ಬಂ 2020ರಲ್ಲಿ ಬಿಡುಗಡೆಯಾಯಿತಲ್ಲ, ಅದನ್ನು ಯಾವ ಸ್ಥಾನದಲ್ಲಿ ಇಟ್ಟು ಕೇಳಬೇಕು? ಹಾಗೆಯೇ ಅವರ ಇತ್ತೀಚಿನ ದಶಕಗಳಿಂದ ಏನನ್ನು ತಪ್ಪದೆ ಕೇಳಬೇಕು?

ಹಳೇ ರೆಕಾರ್ಡು

‘ಹೋಮ್‌ಗ್ರೋನ್’ ಅನ್ನು ‘ಟುನೈಟ್ಸ್ ದ ನೈಟ್’ನ ಪಕ್ಕದಲ್ಲಿಯೇ ಇಡಿ, ಏಕೆಂದರೆ 1975ರಲ್ಲಿ ಒಂದರ ಜಾಗವನ್ನು ಇನ್ನೊಂದು ತೆಗೆದುಕೊಂಡಿತು. ‘ಹೋಮ್‌ಗ್ರೋನ್’ ಬಿಡುಗಡೆಗೆ ಸಿದ್ಧವಾಗಿತ್ತು. ಅದು ‘ಹಾರ್ವೆಸ್ಟ್’ನ ಹಾದಿಯ, ಜನ ಖಂಡಿತವಾಗಿ ಒಲಿಯಬಹುದಾಗಿದ್ದ ಆಲ್ಬಂ. ಗೆಳೆಯರಿಗೆ ಎರಡನ್ನೂ ಕೇಳಿಸಿದ ಮೇಲೆ ಯಂಗ್ ಅದನ್ನು ಬದಿಗಿಟ್ಟು, ಎರಡು ವರ್ಷ ಹಳೆಯದಾಗಿದ್ದ ಶೋಕದ ಆಲ್ಬಂ ಅನ್ನೇ ಹೊರತಂದರು. ಬದಿಗಿಟ್ಟದ್ದನ್ನು ಅವರು ನಾಶಮಾಡಲಿಲ್ಲ. ಇಂಥ ಮುದ್ರಣಗಳನ್ನೆಲ್ಲ ಕಾಪಾಡಿ, 2009ರಲ್ಲಿ ‘ಆರ್ಕೈವ್ಸ್’ನ ಮೊದಲ ಸಂಪುಟ, 2020ರಲ್ಲಿ ಎರಡನೆಯದು, 2024ರಲ್ಲಿ ಮೂರನೆಯದು ಎಂದು ಹೊರತರುತ್ತ ಬಂದಿದ್ದಾರೆ. 1976ರ ಒಂದೇ ರಾತ್ರಿ ಒಬ್ಬರೇ ಕುಳಿತು ಹಾಡಿ ಮುದ್ರಿಸಿದ ‘ಹಿಚ್‌ಹೈಕರ್’ 2017ರಲ್ಲಿ ಬಂತು. ಅದನ್ನು ಮರೆಯದೆ ಕೇಳಿ.

ಇನ್ನು ನಂತರದ ದಶಕಗಳು. 1979ರ ‘ರಸ್ಟ್ ನೆವರ್ ಸ್ಲೀಪ್ಸ್’ನಲ್ಲಿ ಒಂದು ಬದಿ ಮೃದುವಾದ ಅಕೂಸ್ಟಿಕ್, ಇನ್ನೊಂದು ಬದಿ ಕ್ರೇಜಿ ಹಾರ್ಸ್‌ನ ಅಬ್ಬರ, ಮೊದಲು ಅದನ್ನು ಕೇಳಿದರೆ ಅವರ ಎರಡು ಮುಖಗಳೂ ತಿಳಿಯುತ್ತವೆ. ಆಮೇಲೆ 1989ರ ‘ಫ್ರೀಡಂ’, 1990ರ ‘ರ‍್ಯಾಗ್ಡ್ ಗ್ಲೋರಿ’, 1992ರ ‘ಹಾರ್ವೆಸ್ಟ್ ಮೂನ್’. ಈ ಕೊನೆಯದರಲ್ಲಿ ‘ಹಾರ್ವೆಸ್ಟ್’ನ ವಾದ್ಯಗಾರರನ್ನೇ ಮತ್ತೆ ಕೂಡಿಸಿ ಆ ಹಳೆಯ ದಾರಿಗೆ ಮರಳಿದರು, ಆದರೆ ಅದಕ್ಕೆ ಇಪ್ಪತ್ತು ವರ್ಷ ತೆಗೆದುಕೊಂಡರು. 2005ರಲ್ಲಿ ಮಿದುಳಿನ ರಕ್ತನಾಳ ಉಬ್ಬಿಕೊಂಡಿರುವುದು ಪತ್ತೆಯಾದಾಗ, ಚಿಕಿತ್ಸೆಯ ಹಿಂದುಮುಂದಿನ ದಿನಗಳಲ್ಲಿ ನ್ಯಾಶ್‌ವಿಲ್‌ನಲ್ಲಿ ಮುದ್ರಿಸಿದ ‘ಪ್ರೇರಿ ವಿಂಡ್’ ಕೂಡ ಶಾಂತವಾದ, ಆಳವಾದ ಆಲ್ಬಂ.

ಪ್ರತಿಭಟನೆಯ ಹಾಡುಗಳಿಗೆ ಇಲ್ಲಿ ಜಾಗ ಸಾಲದು, ಆದರೂ ಒಂದನ್ನು ಹೇಳಲೇಬೇಕು. 1970ರ ಮೇ 4ರಂದು ಅಮೆರಿಕದ ಒಹಾಯೊ ರಾಜ್ಯದ ಕೆಂಟ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ನ್ಯಾಷನಲ್ ಗಾರ್ಡ್ ಪಡೆಯ ಗುಂಡಿಗೆ ನಾಲ್ವರು ವಿದ್ಯಾರ್ಥಿಗಳು ಬಲಿಯಾದರು. ಪತ್ರಿಕೆಯಲ್ಲಿ ಆ ಚಿತ್ರಗಳನ್ನು ಕಂಡ ಯಂಗ್ ‘ಒಹಾಯೊ’ ಬರೆದರು. ಆಗಿನ ತಂಡದ ಜೊತೆಗಾರರಾದ ಕ್ರಾಸ್ಬಿ, ಸ್ಟಿಲ್ಸ್, ನ್ಯಾಶ್ ಜೊತೆ ಮೇ 21ರಂದು ಅದರ ಮುದ್ರಣವಾಯಿತು, ಜೂನ್‌ನಲ್ಲಿ ರೇಡಿಯೋದಲ್ಲಿತ್ತು. 2006ರಲ್ಲಿ ಇರಾಕ್ ಯುದ್ಧದ ವಿರುದ್ಧ ಬಂದ ‘ಲಿವಿಂಗ್ ವಿತ್ ವಾರ್’ ಅದೇ ಅವಸರದ್ದು. 2022ರ ಜನವರಿಯಲ್ಲಿ ಕೋವಿಡ್ ಲಸಿಕೆಗಳ ಕುರಿತ ತಪ್ಪು ಮಾಹಿತಿಯನ್ನು ವಿರೋಧಿಸಿ ತಮ್ಮ ಹಾಡುಗಳನ್ನು ಸ್ಪಾಟಿಫೈನಿಂದ ಹಿಂತೆಗೆದುಕೊಂಡರು, 2024ರಲ್ಲಿ ಮರಳಿಸಿದರು. ಹಾಗಾಗಿ ನಾನು ಹೇಳಿದ ಆಲ್ಬಂಗಳಲ್ಲಿ ಹೆಚ್ಚಿನವು ಈಗ ಅಲ್ಲಿಯೂ ಸಿಗುತ್ತವೆ. ಸಾಧ್ಯವಾದರೆ ‘ಆನ್ ದ ಬೀಚ್’ ಅನ್ನು ಮಾತ್ರ ಒಳ್ಳೆಯ ಸ್ಪೀಕರ್‌ನಲ್ಲಿ, ಎರಡನೆಯ ಬದಿಯ ಮೂರು ಹಾಡುಗಳನ್ನು ನಡುವೆ ನಿಲ್ಲಿಸದೆ ಕೇಳಿ, ಮತ್ತು ಹೇಗನಿಸಿತೆಂದು ಇಲ್ಲಿ ಬರೆಯಿರಿ.