ಕಾಲುಸಂಕವೋ, ಪಾಲವೋ?

ಕೊಡಗಿನಲ್ಲಿ ಕಾವೇರಿ ದಂಡೆಯ ಕಾಲುದಾರಿಯೊಂದಕ್ಕೆ ಕನ್ನಡ ಫಲಕಗಳನ್ನು ಬರೆದುಕೊಡಲು ಒಪ್ಪಿಕೊಂಡಿದ್ದೇನೆ. ತೋಡೊಂದು ಹೊಳೆಗೆ ಸೇರುವ ಕಡೆ ಹಲಗೆ ಹಾಸಿದ ಚಿಕ್ಕ ಸೇತುವೆ ಇದೆ. ಒಬ್ಬರ ಹಿಂದೊಬ್ಬರು ದಾಟುವಷ್ಟೇ ಅಗಲ. ಅದನ್ನು ಏನೆಂದು ಕರೆಯಬೇಕು? ಕೈಗೆ ಬಂದ ಕರಡಿನಲ್ಲಿ ‘ಪಾದಚಾರಿ ಮೇಲ್ಸೇತುವೆ’ ಎಂದಿತ್ತು. ಕೆಳಗೆ ಹರಿಯುವುದು ನೀರು, ಬಸ್ಸುಗಳಲ್ಲ; ಹೊಡೆದುಹಾಕಿದೆ. ‘ತೂಗುಸೇತುವೆ’ಯೂ ಸಲ್ಲದು. ಕುಶಾಲನಗರದ ಬಳಿ ನಿಸರ್ಗಧಾಮಕ್ಕೆ ದಾಟಿಸುವುದು ತೂಗುಸೇತುವೆ, ಇದು ತೂಗುವುದಿಲ್ಲ.

ಕರಾವಳಿ, ಮಲೆನಾಡಿನವರು ಥಟ್ಟನೆ ‘ಕಾಲುಸಂಕ’ ಎನ್ನುತ್ತಾರೆ. ಸಂಕ ಸಂಸ್ಕೃತದ ಸಂಕ್ರಮದ ತದ್ಭವ, ಅಂದರೆ ದಾಟು. ತಲಕಾವೇರಿಯಲ್ಲಿ ತೀರ್ಥೋದ್ಭವವಾಗುವ ತುಲಾ ಸಂಕ್ರಮಣದಲ್ಲಿ ಸೂರ್ಯ ರಾಶಿ ದಾಟುವುದೂ ಇದೇ ಧಾತುವಿನಿಂದ! ಸಂಕ ಎಂದರೆ ಮರದ್ದೇ ಆಗಬೇಕೆಂದಿಲ್ಲ, ಉಡುಪಿಯಲ್ಲಿ ಕಲ್ಸಂಕವಿದೆ. ಸೇತು ಪದಕ್ಕಾದರೋ ಸಂಸ್ಕೃತದಲ್ಲಿ ಕಟ್ಟೆ, ಒಡ್ಡು ಎಂಬ ಅರ್ಥವೂ ಇದೆ. ಹಾಗಾಗಿ ದಾಟುವ ಕೆಲಸಕ್ಕೆ ಸಂಕವೇ ಹೆಚ್ಚು ಒಪ್ಪುತ್ತದೆ ಎಂದು ನನಗನ್ನಿಸುತ್ತದೆ.

ತೊಡಕು ಇರುವುದು ಇಲ್ಲಿ: ಕೊಡವರ ನುಡಿಯಾದ ಕೊಡವ ತಕ್ಕ್‌ನಲ್ಲಿ ಸೇತುವೆಗೆ ‘ಪಾಲ’ ಎನ್ನುತ್ತಾರೆ. ಸಂಪಾಜೆಯಿಂದ ಸುಳ್ಯದ ಕಡೆಗೆ ಇಳಿದರೆ, ಅಡಿಕೆ ಮರದ ಕಾಂಡಗಳನ್ನು ಜೋಡಿಸಿ ತೋಡಿಗೆ ಅಡ್ಡ ಹಾಕಿದ್ದೂ ಪಾಲವೇ. ತಮಿಳು, ಮಲಯಾಳಗಳಲ್ಲಿ ಪಾಲಂ. ಹಳಗನ್ನಡದ ಪುಲಿ ಹುಲಿಯಾಯಿತು, ಕುಡಿಯುವ ಪಾಲು ಹಾಲಾಯಿತು. ಕೊಡವರ ಪೊಳೆ ನಮ್ಮಲ್ಲಿ ಹೊಳೆ. ಪಾಲ ಮಾತ್ರ ‘ಹಾಲ’ ಆಗಲಿಲ್ಲ. ಈ ಬದಲಾವಣೆ ನಡೆದ ಮೇಲೆ ನೆರೆನುಡಿಗಳಿಂದ ಗಡಿಭಾಗದ ಕನ್ನಡಕ್ಕೆ ಬಂದಿತೇ? ಭಾಗ ಎಂಬ ಅರ್ಥದ ‘ಪಾಲು’ ಕನ್ನಡದಲ್ಲಿ ಹಾಗೆಯೇ ಉಳಿದಿದೆಯಲ್ಲ, ಆದ್ದರಿಂದ ಪಟ್ಟು ಹಿಡಿದು ವಾದಿಸಲಾರೆ. ಬಲ್ಲವರು ತಿದ್ದಬೇಕು.

ಪಾಲ ಎಂದೇ ಬರೆಯೋಣವೆಂದರೆ ಮೈಸೂರಿನಿಂದ ಬಂದವರಿಗೆ ರಾಜ್ಯಪಾಲರು ನೆನಪಾದಾರು. ಸದ್ಯಕ್ಕೆ ‘ಕಾಲುಸಂಕ’ ಎಂದು ದೊಡ್ಡದಾಗಿ ಬರೆದು, ಕೆಳಗೆ ‘ಪಾಲ’ ಎಂದು ಸೇರಿಸುವ ಯೋಚನೆಯಿದೆ.

ಸೋಮವಾರಪೇಟೆ, ಶನಿವಾರಸಂತೆ ಕಡೆಯ ಕನ್ನಡ ಮನೆಮಾತಿನವರು ಇಂಥದ್ದಕ್ಕೆ ಏನೆನ್ನುತ್ತಾರೆ? ಸಂಕ ಎಂಬ ಪದ ಅಲ್ಲಿ ಕಿವಿಗೆ ಬಿದ್ದಿದೆಯೇ? ಬಯಲುಸೀಮೆಯವರಿಗೆ ಕಾಲುಸಂಕ ಓದಿದೊಡನೆ ಅರ್ಥವಾಗುತ್ತದೆಯೇ? ಇಲ್ಲವೆಂದಾದರೆ ‘ಕಾಲುಸೇತುವೆ’ ಎಂದು ರಾಜಿಯಾಗಲು ಸಿದ್ಧ. ‘ಮೇಲ್ಸೇತುವೆ’ಗೆ ಮಾತ್ರ ಆಗುವುದಿಲ್ಲ.