ಸಹಾಯ ಬೇಕು: ಪಾಲಿಕಾರ್ಬೊನೇಟ್ ಶೀಟ್‌ನಲ್ಲಿ ಸ್ಕ್ರೂ ತೂತಿನ ಸುತ್ತ ಬಿರುಕು

ಎಲ್ಲರಿಗೂ ನಮಸ್ಕಾರ. ಸ್ಪರ್ಧೆಗೆ ರೋಬೋಟ್ ಕಟ್ಟುತ್ತಿದ್ದೇವೆ, ಒಂದು ಕಡೆ ಸಿಕ್ಕಿಹಾಕಿಕೊಂಡಿದ್ದೇವೆ.

ಪಕ್ಕದ ಕವಚಕ್ಕೆ ಮೊದಲು ಅಕ್ರಿಲಿಕ್ ಹಾಕಿದ್ದೆವು. ಒಂದೇ ಡಿಕ್ಕಿಗೆ ಗಾಜಿನ ಹಾಗೆ ಪುಡಿಯಾಯಿತು. ಅದಕ್ಕೇ 3 ಮಿಲಿಮೀಟರ್ ದಪ್ಪದ ಪಾಲಿಕಾರ್ಬೊನೇಟ್ ಅನ್ನುವ ಗಟ್ಟಿ ಪ್ಲಾಸ್ಟಿಕ್‌ಗೆ ಬಂದೆವು. ಸುತ್ತಿಗೆಯಲ್ಲಿ ಹೊಡೆದರೂ ಬಗ್ಗುತ್ತದೆ, ಒಡೆಯುವುದಿಲ್ಲ. ಇನ್ನು ಚಿಂತೆಯಿಲ್ಲ ಅಂದುಕೊಂಡೆವು.

ಈಗ ನೋಡಿದರೆ ಸ್ಕ್ರೂ ತೂತುಗಳ ಸುತ್ತ ಕೂದಲೆಳೆಯಂಥ ಬಿರುಕು. ಡಿಕ್ಕಿಯೇ ಆಗಿಲ್ಲ! ಸಂಜೆ ಬಿಗಿ ಮಾಡಿ ಸುಮ್ನೆ ಮೇಜಿನ ಮೇಲೆ ಇಟ್ಟಿದ್ದು, ಬೆಳಿಗ್ಗೆ ನಕ್ಷತ್ರದ ಹಾಗೆ ಸೀಳಿತ್ತು.

ಹೊಸ ಡ್ರಿಲ್ ಬಿಟ್ ಹಾಕಿ ನಿಧಾನವಾಗಿ ಕೊರೆದೆವು. ತೂತು ಸ್ವಲ್ಪ ಸಡಿಲ ಮಾಡಿ, ಅಂಚಿನಿಂದ ಒಳಗೆ ತಂದು, ಅಗಲ ವಾಷರ್ ಕೊಟ್ಟೆವು. ಬಿರುಕು ಕಡಿಮೆಯಾಯಿತು, ನಿಲ್ಲಲಿಲ್ಲ.

ನನ್ನ ಅನುಮಾನ ಥ್ರೆಡ್‌ಲಾಕರ್ ಮೇಲೆ, ಅಂದರೆ ಸ್ಕ್ರೂ ಎಳೆಗಳಿಗೆ ಹಚ್ಚುವ ಅಂಟು ದ್ರವದ ಮೇಲೆ. ನಟ್ ಸಡಿಲವಾಗದಿರಲಿ ಅಂತ ಹೆಚ್ಚಿನ ಕಡೆ ಹಾಕಿದ್ದೆವು. ಬಿಗಿತದಲ್ಲಿರುವ ಪಾಲಿಕಾರ್ಬೊನೇಟ್‌ಗೆ ಅದು ತಾಗಿದರೆ ಬಿರುಕು ಬಿಡುತ್ತದೆ ಅಂತ ಆಮೇಲೆ ಗೊತ್ತಾಯಿತು. ಆದರೆ ಅದನ್ನು ಹಾಕದ ಎರಡು ತೂತುಗಳೂ ಸೀಳಿವೆ. ಅಲ್ಲಿ ಇದ್ದದ್ದು ಇಳಿತಲೆ ಸ್ಕ್ರೂ (ಓರೆಯಾದ ತಲೆ ಶೀಟ್‌ನೊಳಗೆ ಇಳಿದು ಕೂರುವಂಥದ್ದು), ಬೆಣೆಯ ಹಾಗೆ ತೂತನ್ನು ಅಗಲಿಸುತ್ತದೆ. ಜೊತೆಗೆ ಗುರುತು ಅಳಿಸಲು ನಾನೇ ಅಸಿಟೋನ್ ದ್ರಾವಕದಲ್ಲಿ ಒರೆಸಿದ್ದೆ. ಅದೂ ಈ ಪ್ಲಾಸ್ಟಿಕ್‌ಗೆ ಆಗಿಬರುವುದಿಲ್ಲ ಅಲ್ವಾ?

ನನ್ನ ಪ್ರಶ್ನೆ ಎರಡೇ. ಮೋಟಾರ್ ಪಕ್ಕ ಅದುರುವ ಜಾಗದಲ್ಲಿ ಥ್ರೆಡ್‌ಲಾಕರ್ ಬಿಟ್ಟು ನೈಲಾನ್ ಲಾಕ್ ನಟ್ (ಸಡಿಲವಾಗದಂತೆ ಒಳಗೆ ನೈಲಾನ್ ಉಂಗುರ ಇರುವ ನಟ್) ಮಾತ್ರ ಹಾಕಿದರೆ ಸಾಕಾ? ಥ್ರೆಡ್‌ಲಾಕರ್ ತಾಗಿದ, ಆದರೆ ಇನ್ನೂ ಬಿರುಕು ಕಾಣದ ಶೀಟ್‌ಗಳನ್ನು ಸೋಪು ನೀರಲ್ಲಿ ತೊಳೆದು ಬಳಸಬಹುದಾ, ಇಲ್ಲ ಹೊಸದಾಗಿಯೇ ಕತ್ತರಿಸಬೇಕಾ?